ಸರ್ದಾರಬೀಯ ಕೊನೆಯ ನೀರು ಯಾರ ಕೈಲಿ?

ಹಿಟ್ನಾಳದ ಹೆದ್ದಾರಿಯಲ್ಲಿ ಲಾರಿಗಳು ಇನ್ನೂ ದೀಪ ಹಾಕಿಕೊಂಡೇ ಓಡುತ್ತಿವೆ. ಊರೊಳಗಿನ ಒಂದು ಮನೆಯ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಹೂಡಿದ ಒಲೆಯ ಮೇಲೆ ಹಂಡೆ ಕಾಯುತ್ತಿದೆ. ನೀರಿನಲ್ಲಿ ಬೋರೆ ಗಿಡದ ಎಲೆಗಳು ತೇಲುತ್ತಿವೆ. ಈ ಮನೆಯ ಹಿರಿಯಾಕೆ ಇಮಾಮಬಾನು ನಿನ್ನೆ ಸಂಜೆ ತೀರಿಕೊಂಡಿದ್ದಾರೆ. ಗೋಡೆಯಿಂದ ಬೇವಿನ ಮರಕ್ಕೆ ಚಾದರ ಕಟ್ಟಿ ಪರದೆ ಮಾಡಲಾಗಿದೆ. ಅದರೊಳಗೆ ಸರ್ದಾರಬೀ ಸೆರಗು ಬಿಗಿದು ಕೆಲಸಕ್ಕೆ ಇಳಿದಿದ್ದಾರೆ. ಸತ್ತ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವುದು ಅವರ ಕೆಲಸ.

ನಾನು ಗಂಡಸು, ಪರದೆಯೊಳಗೆ ಕಾಲಿಡುವಂತಿಲ್ಲ. ಕೇಳಿಸಿಕೊಳ್ಳುವುದಷ್ಟೇ ನನ್ನ ಪಾಲು. "ಮೊದಲ ಬಲಗಡಿ ತಗೋರಿ. ಕೈಗೆ ಅರಿವಿ ಸುತ್ಕೋರಿ, ಬರಿಗೈಲೆ ಮುಟ್ಟಬ್ಯಾಡ್ರಿ. ಜೋರ ತಿಕ್ಕಬ್ಯಾಡವಾ ತಂಗಿ, ಆಕಿಗೂ ನೋವಾಗ್ತೈತಿ" ಎಂದು ಮನೆಯ ಸೊಸೆಯಂದಿರಿಗೆ ಹೇಳಿಕೊಡುತ್ತಿದ್ದಾರೆ. ನಡುನಡುವೆ ಹೆಣದ ಜೊತೆಗೂ ಮಾತು ನಡೆದಿದೆ. "ಇಮಾಮಬಾನು, ಸ್ವಲ್ಪ ಈ ಕಡಿ ಹೊಳ್ಳವ್ವ, ಆತು, ಇನ್ನೇನ ಮುಗೀತು." ಸತ್ತವರನ್ನು ಹೆಸರು ಹಿಡಿದು ಕರೆಯುವುದು ಅವರ ರೂಢಿ.

ಹೊರಗೆ ನನ್ನ ಪಕ್ಕದಲ್ಲಿ ಇನ್ನೊಬ್ಬರಿದ್ದಾರೆ. ಅದು ಸರ್ದಾರಬೀಯ ಮಗಳು ನಾಹೀದಾ. ಹಂಡೆಯಿಂದ ನೀರು ತೋಡಿ ಬಿಂದಿಗೆಗೆ ತುಂಬಿ, ಮೊಣಕೈಯಿಂದ ಹದ ನೋಡಿ, ಪರದೆಯ ಕೆಳಗಿನಿಂದ ಒಳಕ್ಕೆ ಸರಿಸುತ್ತಾಳೆ. ಆಕೆಯ ಕೈ ಬಳೆಗಳವರೆಗೆ ಮಾತ್ರ ಒಳಗೆ ಹೋಗುತ್ತದೆ. ಒಳಗಿನವರು ಖಾಲಿ ಬಿಂದಿಗೆಯನ್ನು ಹೊರಕ್ಕೆ ದೂಡುತ್ತಾರೆ. ಇದು ಮುಗಿಯುವವರೆಗೂ ಆಕೆ ತಲೆ ಎತ್ತುವುದಿಲ್ಲ. ನನ್ನ ಹಾಗೆಯೇ ನಾಹೀದಾಗೂ ಆ ಪರದೆಯೊಳಗೆ ಪ್ರವೇಶವಿಲ್ಲ. ಹುಟ್ಟಿದಾಗ ಆಕೆಗೆ ಇಟ್ಟ ಹೆಸರು ರಫೀ.

ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಈ ತಾಯಿ ಮಗಳ ಮನೆ. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ತೌಡಿನ ಪುಡಿ ಹಂಚಿನ ಮೇಲೆ, ಬಟ್ಟೆಯ ಮೇಲೆ, ಕೊಟ್ಟ ಚಹಾದ ಮೇಲೂ ಕೂರುತ್ತದೆ. ಸರ್ದಾರಬೀ ಮದುವೆಯಾಗಿ ಬಂದಾಗ ಅತ್ತೆ ಈ ಕೆಲಸ ಮಾಡುತ್ತಿದ್ದರು. ಅತ್ತೆಯ ಸೊಂಟ ಬಿದ್ದಾಗ ಸೊಸೆಯ ಕೈಗೆ ಬಂತು. ಅಂದಿನಿಂದ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಕಾಲುವೆ ಕಡೆಯ ಶ್ರೀರಾಮನಗರ, ಎಲ್ಲಿಂದ ಕರೆ ಬಂದರೂ ಹೋಗಿದ್ದಾರೆ. ಬೆಂಕಿಯಲ್ಲಿ ಬೆಂದವರು, ಬಾವಿಯಲ್ಲಿ ಉಬ್ಬಿದವರು, ಹೆರಿಗೆಯಲ್ಲಿ ಹೋದ ಹುಡುಗಿಯರು ಎಲ್ಲರೂ ಅವರ ಕೈಯಿಂದ ದಾಟಿದ್ದಾರೆ. ಇಂತಿಷ್ಟು ಕೊಡಿ ಎಂದು ಯಾರನ್ನೂ ಕೇಳಿದವರಲ್ಲ.

ಇಷ್ಟು ಮಾಡಿದವರಿಗೆ ಊರು ಕೊಟ್ಟ ಮರ್ಯಾದೆಯನ್ನೂ ಹೇಳಬೇಕು. ಮದುವೆಗೆ ಕರೆಯುವುದನ್ನು ಎಲ್ಲರೂ ಮರೆಯುತ್ತಾರೆ. ಎದುರಿಗೆ ಸಿಕ್ಕರೆ ಬಸುರಿಯರು ಪಕ್ಕದ ಓಣಿ ಹಿಡಿಯುತ್ತಾರೆ. "ನನ್ನ ಮಾರಿ ನೋಡಿದ್ರ ಸಾವು ನೆನಪಾಗ್ತೈತಂತ್ರಿ. ಆಗ್ಲಿ ಬಿಡ್ರಿ, ಒಮ್ಮಿಯರ ನೆನಪಾಗಬೇಕಲ್ಲ" ಎಂದು ಸರ್ದಾರಬೀ ನಗುತ್ತಾರೆ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ಇದಕ್ಕಿಂತ ದೊಡ್ಡ ಮುಳ್ಳೊಂದು ಅವರ ಎದೆಯಲ್ಲಿತ್ತು. ಒಬ್ಬನೇ ಮಗ ರಫೀ ಹೊಟ್ಟೆಯಲ್ಲಿದ್ದಾಗಲೂ ಅವರು ಕೆಲಸ ಬಿಡಲಿಲ್ಲ. ಆ ಮಗ ಐದನೆಯ ಇಯತ್ತೆಗೆ ಬರುವ ಹೊತ್ತಿಗೆ ತಾನು ಹುಡುಗಿ ಎನ್ನತೊಡಗಿದ. ತಂದೆ ಜಿಲಾನಸಾಬ ಗಿರಣಿಯ ಹಮಾಲ, ಚೀಲ ಹೊತ್ತ ಕೈಯಿಂದಲೇ ಬಾರಿಸಿದ. ಮಂತ್ರಿಸಿದ ತಾಯಿತ ಕಟ್ಟಿಸಿದರು, ದರ್ಗಾದಲ್ಲಿ ಮಲಗಿಸಿದರು, ತಲೆ ಬೋಳಿಸಿದರು. ಯಾವುದಕ್ಕೂ ಬಗ್ಗದೆ ಹೋದಾಗ ಓಣಿಯ ಹೆಂಗಸರೇ ಕಾರಣ ಹುಡುಕಿದರು. ಬಸುರಿ ಹೆಂಗಸು ಹೆಣ ಮುಟ್ಟಿದ್ದಾಳೆ, ಯಾವಳೋ ಸತ್ತವಳ ಗಾಳಿ ಗಂಡು ಕೂಸಿಗೆ ಬಡಿದಿದೆ ಎಂದರು. ಸರ್ದಾರಬೀ ಅದನ್ನು ನಂಬಿದರು. ಹೆಚ್ಚುಕಡಿಮೆ ಅರ್ಧ ಆಯುಷ್ಯ ನಂಬಿಕೊಂಡೇ ಬದುಕಿದರು.

ಹದಿನೇಳಕ್ಕೆ ಮನೆಯಿಂದ ಹೊರಬಿದ್ದ ರಫೀ ಹೊಸಪೇಟೆಯಲ್ಲಿ ತನ್ನಂಥವರ ಮನೆ ಸೇರಿಕೊಂಡು ನಾಹೀದಾ ಆದಳು. ಅಂಗಡಿಗಳ ಮುಂದೆ ಚಪ್ಪಾಳೆ ತಟ್ಟಿದಳು, ಪೆಟ್ಟು ತಿಂದಳು, ಹೊಲಿಗೆ ಕಲಿತಳು. ತಂದೆ ಹಾಸಿಗೆ ಹಿಡಿದಾಗ ವಾಪಸು ಬಂದವಳು ಮತ್ತೆ ಹೋಗಲಿಲ್ಲ. ಈಗ ಮನೆಯ ಮುಂದಿನ ಪಡಸಾಲೆಯಲ್ಲಿ ಆಕೆಯ ಹೊಲಿಗೆ ಯಂತ್ರವಿದೆ. ಮೊದಮೊದಲು ಮೂಗು ಮುರಿದ ಓಣಿಯ ಹೆಂಗಸರು ಈಗ ರವಿಕೆ ಹೊಲಿಸಲು ಆಕೆಯ ಹತ್ತಿರವೇ ಬರುತ್ತಾರೆ. ಟೇಪು ಹಿಡಿದು ಎದೆ, ತೋಳು, ಸೊಂಟದ ಅಳತೆ ತೆಗೆಯುವಾಗ ಒಬ್ಬರೂ ಸಂಕೋಚಪಡುವುದಿಲ್ಲ.

"ಜೀವ ಇದ್ದಾಗ ಅಳತಿ ತಗೋಬಹುದು, ಸತ್ತ ಮ್ಯಾಲ ಮುಟ್ಟಬಾರದು. ಇದ್ಯಾವ ಲೆಕ್ಕ ಅಂತ ನನಗೂ ತಿಳಿವಲ್ದು" ಎನ್ನುತ್ತಾಳೆ ನಾಹೀದಾ, ಹಲ್ಲಿನಿಂದ ದಾರ ಕಡಿಯುತ್ತ.

ಈ ಲೆಕ್ಕ ಇಷ್ಟು ದಿನ ಮಾತಿನ ಮಟ್ಟದಲ್ಲೇ ಇತ್ತು. ಈಗ ಸರ್ದಾರಬೀಯ ಕಾಲು ಬಾತಿವೆ, ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತದೆ. "ದಿಲ್ ದೊಡ್ಡದಾಗೈತಂತ್ರಿ. ಡಾಕ್ಟರ ಇದಕ್ಕೂ ಗುಳಿಗಿ ಕೊಡ್ತಾರ ನೋಡ್ರಿ" ಎಂದು ತಮಾಷೆ ಮಾಡುತ್ತಾರೆ. ಗುಳಿಗೆ ಹೆಚ್ಚು ದಿನ ಕಾಯುವುದಿಲ್ಲ ಎಂಬುದು ಅವರಿಗೆ ಗೊತ್ತಿದೆ. ಹೆಣ್ಣಿಗೆ ಹೆಣ್ಣೇ ಕೊನೆಯ ನೀರು ಹಾಕಬೇಕು, ತಾಯಿಗಾದರೆ ಮಗಳದೇ ಮೊದಲ ಹಕ್ಕು. ಗಂಡು ಮಗನಿಗೆ ತಾಯಿಯ ಪರದೆಯೊಳಗೆ ಜಾಗವಿಲ್ಲ. ಊರಿನ ಹೆಂಗಸರನ್ನೆಲ್ಲ ತೊಳೆದು ಕಳಿಸಿದ ಸರ್ದಾರಬೀ ತನಗಾಗಿ ಕೇಳಿದ್ದು ಒಂದೇ, ತನ್ನನ್ನು ನಾಹೀದಾ ತೊಳೆಯಬೇಕು.

ಆ ಮಾತು ಜಮಾತಿನ ಹಿರಿಯ ಶಾಮೀದಸಾಬರ ಮುಂದೆ ಹೋಯಿತು. ನಾನು ಅವರನ್ನೂ ಕಂಡೆ. ಜಗಳಕ್ಕೆ ಸಿದ್ಧನಾಗಿ ಹೋದವನಿಗೆ ಅವರು ಮೊದಲು ಕುರ್ಚಿ ಕೊಟ್ಟರು, ಆಮೇಲೆ ನೀರು ಕೊಟ್ಟರು. ಕೆಟ್ಟ ಮನುಷ್ಯರಲ್ಲ, ಅದೇ ನನ್ನ ತೊಂದರೆ. "ನೋಡ್ರಿ, ಹುಟ್ಟುವಾಗನ ಗಂಡೋ ಹೆಣ್ಣೋ ಅಂತ ಮೈಯಿಂದ ತಿಳೀಲಾರದವ್ರಿಗೆ ಕಿತಾಬಿನ್ಯಾಗ ಜಾಗ ಐತಿ. ಹಂಗೇನರ ಇದ್ರ ಡಾಕ್ಟರ ಕಡಿಂದ ಹೇಳಸ್ರಿ ಅಂದ್ನಿ. ಮನಸಿನ್ಯಾಗ ಅನಸೂದಕ್ಕ ನಾ ಏನ ಮಾಡ್ಲಿ?" ಎಂದರು. ಒಟ್ಟಿನಲ್ಲಿ ಒಬ್ಬ ತಾಯಿಯ ಕೊನೆಯ ಆಸೆ ರಕ್ತಪರೀಕ್ಷೆಗೆ ಹೋಗಿ ನಿಂತಿತು.

ತಾಯಿ ಮಗಳು ಬಸ್ಸು ಹತ್ತಿ ಕೊಪ್ಪಳಕ್ಕೆ ಹೋದರು. ಅಲ್ಲಿನ ವೈದ್ಯೆ ಸುಕನ್ಯಾ ಪರೀಕ್ಷೆ ಮಾಡಿಸಿದರು. ಫಲಿತಾಂಶ ಬಂದ ದಿನ ಏನಾಯಿತು ಎಂದು ಮೂವರೂ ನನಗೆ ಹೇಳಿದ್ದಾರೆ, ಮೂವರ ಮಾತೂ ತಾಳೆಯಾಗುತ್ತದೆ. ವರ್ಣತಂತುಗಳು ಗಂಡಿನವೇ, ದೇಹವೂ ಹುಟ್ಟಿನಿಂದ ಗಂಡಿನದೇ, ಅದರಲ್ಲಿ ಅನುಮಾನವಿಲ್ಲ. "ಆದ್ರ ನೀವು ಕೇಳಾಕ ಬಂದಿದ್ದು ಈ ಪರೀಕ್ಷಾದಾಗ ಸಿಗಂಗಿಲ್ರಿ. ಒಬ್ಬರಿಗೆ ತಾನು ಹೆಣ್ಣು ಅಂತ ಯಾಕ ಅನಸ್ತೈತಿ ಅಂತ ಹೇಳೋ ರಕ್ತಪರೀಕ್ಷಾ ಎಲ್ಲೂ ಇಲ್ಲ" ಎಂದರು ವೈದ್ಯೆ.

ಹಾಗಾದರೆ ವಿಜ್ಞಾನ ಕೈಚೆಲ್ಲಿ ಕೂತಿದೆಯೇ ಎಂದು ನಾನು ಅವರನ್ನು ಕೆಣಕಿದೆ. ಇಲ್ಲ ಎಂದರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರು ಹೀಗಿದ್ದರೆ ಇನ್ನೊಬ್ಬರೂ ಹೀಗಿರುವುದು ಬೇರೆ ಅವಳಿಗಳಿಗಿಂತ ಹೆಚ್ಚು ಕಂಡುಬಂದಿದೆ, ಆದರೆ ಯಾವಾಗಲೂ ಅಲ್ಲ. ಗರ್ಭದಲ್ಲಿ ಕೂಸಿಗೆ ತಾಗುವ ಹಾರ್ಮೋನುಗಳ ಪಾಲಿರಬಹುದು ಎಂಬ ಸುಳಿವುಗಳಿವೆ. ಮಿದುಳಿನ ಚಿತ್ರಗಳಲ್ಲಿ ಗುಂಪುಗಳ ನಡುವೆ ಸಣ್ಣ ವ್ಯತ್ಯಾಸ ಕಂಡವರಿದ್ದಾರೆ, ಆದರೆ ಒಬ್ಬರ ಮಿದುಳು ನೋಡಿ ಇವರು ಹೀಗೆ ಎಂದು ಹೇಳಲು ಬರುವುದಿಲ್ಲ. "ಹುಟ್ಟಿನದೂ ಏನೋ ಪಾಲು ಇದ್ದಂಗ ಕಾಣ್ತೈತಿ, ಎಷ್ಟು ಅಂತ ನಮಗಿನ್ನೂ ತಿಳಿದಿಲ್ಲ. ತಿಳೀಲಾರದ್ದನ್ನ ತಿಳದೈತಿ ಅಂತ ನಾ ಬರದು ಕೊಡಾಕ ಬರಂಗಿಲ್ಲ" ಎಂದರು. ಸುಳ್ಳಾದರೂ ಬರೆದುಕೊಡಬಾರದಿತ್ತೇ ಎಂದು ಒಂದು ಗಳಿಗೆ ನನಗನ್ನಿಸಿತು.

ಇಬ್ಬರೂ ಎದ್ದು ಬಾಗಿಲ ತನಕ ಹೋದ ಮೇಲೆ ಸರ್ದಾರಬೀ ತಿರುಗಿ ಬಂದರಂತೆ. "ಡಾಕ್ಟರ ಬಾಯಾರ, ನಾ ಬಸರಿದ್ದಾಗ ಹೆಣ ತೊಳದೀನ್ರಿ. ಅದಕ್ಕ ಹಿಂಗಾತು ಅಂತಾರ. ಹೌದೇನ್ರಿ?"

"ಇಲ್ಲವ್ವ. ಹೆಣ ಮುಟ್ಟಿದ್ದಕ್ಕ ಅಲ್ಲ. ನೀ ಜ್ವಾಪಾನ ಮಾಡಿದ್ದರಾಗ ತಪ್ಪಾಗೈತಿ ಅಂತನೂ ಅಲ್ಲ."

"ಇನ್ನೊಮ್ಮಿ ಹೇಳ್ರಿ."

ವೈದ್ಯೆ ಇನ್ನೊಮ್ಮೆ ಹೇಳಿದರು. ಸರ್ದಾರಬೀ ಅಲ್ಲೇ ಬಾಗಿಲ ಚೌಕಟ್ಟು ಹಿಡಿದು ಕುಸಿದು ಕೂತು, ಎದೆ ಒಡೆದವರಂತೆ ಅತ್ತರು. ಸರದಿಯಲ್ಲಿದ್ದ ಮಂದಿ ಯಾರೋ ಸತ್ತಿರಬೇಕು ಎಂದುಕೊಂಡು ದಾರಿ ಬಿಟ್ಟರು. ಇಷ್ಟು ವರ್ಷದ ಹೊರೆ ಇಳಿಯಿತು ನಿಜ, ಆದರೆ ಬಂದ ಕೆಲಸ ಆಗಲಿಲ್ಲ.

ಶಾಮೀದಸಾಬರು ಫಲಿತಾಂಶ ಕೇಳಿ ಆಗುವುದಿಲ್ಲ ಎಂದು ತಲೆಯಾಡಿಸಿದರು. ಅವರ ಹತ್ತಿರ ಇನ್ನೊಂದು ಕಾರಣವೂ ಇತ್ತು. "ಜಿಲಾನಸಾಬ ಸತ್ತಾಗ ಅವಗ ನೀರ ಹಾಕಿದವ್ರು ಯಾರು? ಕೇಳ್ರಿ ಆಕೀನ್ನ. ನಾನ ಬಾಜೂಕ ನಿಂತು ಬಿಂದಗಿ ಹಿಡದೀನಿ. ಗಂಡಸ್ರ ಪರದಾದಾಗ ಮಗ ಆಗಿ ಬಂದು ಅಪ್ಪನ ತೊಳದಾಕಿ, ಹೆಂಗಸ್ರ ಪರದಾದಾಗ ಮಗಳಾಗಿ ಹ್ಯಾಂಗ ಹೋಗ್ತಾಳ್ರಿ?"

ಅದೂ ನಿಜವೇ. ಹೊಡೆದು ಓಡಿಸಿದ ಅದೇ ಜಿಲಾನಸಾಬ ಕೊನೆಗಾಲದಲ್ಲಿ ರಫೀ ಎಲ್ಲಿ, ರಫೀ ಎಲ್ಲಿ ಎಂದು ಹಲುಬಿದ. ಮಗನ ಕೈಯ ನೀರು ಬಿದ್ದರೆ ಸಾಕು ಎಂದ. ಆತ ಕಣ್ಣು ಮುಚ್ಚಿದ ದಿನ ನಾಹೀದಾ ಬಳೆ ತೆಗೆದಳು. ಸೊಂಟದವರೆಗಿದ್ದ ಕೂದಲನ್ನು ಹೊಲಿಗೆಯ ಕತ್ತರಿಯಿಂದ ತಾನೇ ಕತ್ತರಿಸಿಕೊಂಡಳು. ಅಪ್ಪನದೇ ಪಾಯಿಜಾಮ ಹಾಕಿಕೊಂಡು ಗಂಡಸರ ಪರದೆಯೊಳಗೆ ಹೋಗಿ ತೊಳೆದಳು. ಅಂದು ಎಲ್ಲರೂ ಆಕೆಯ ಬೆನ್ನು ತಟ್ಟಿದ್ದರು, ಅಂತೂ ಹುಡುಗನಿಗೆ ಬುದ್ಧಿ ಬಂತು ಎಂದಿದ್ದರು. ಮರುದಿನ ಆಕೆ ಮತ್ತೆ ಬಳೆ ತೊಟ್ಟಾಗ ಮಾತು ಬಿಟ್ಟರು.

"ಅಪ್ಪ ಕೇಳಿದ್ದ, ಇಲ್ಲ ಅನ್ನಾಕ ಆಗಲಿಲ್ಲ. ಒಂದ ತಾಸು ಅವಗ ಮಗ ಆದ್ನಿ. ಅದರ ಬದ್ಲಿ ಅವ್ವನ್ನ ಕಳಕೊಳ್ತೀನಿ ಅಂತ ಗೊತ್ತಿರಲಿಲ್ರಿ" ಎನ್ನುವಾಗ ನಾಹೀದಾ ಯಂತ್ರದ ಗಾಲಿಯನ್ನು ಸುಮ್ಮನೆ ತಿರುಗಿಸುತ್ತಿದ್ದಾಳೆ. ಗೊತ್ತಿದ್ದರೆ ಹೋಗುತ್ತಿರಲಿಲ್ಲವೇ ಎಂದೆ. ಗಾಲಿ ನಿಲ್ಲಿಸಿ, "ಹೋಗ್ತಿದ್ನಿ" ಎಂದಳು. ಹೀಗೆ ಯಾಕೆ ಹುಟ್ಟಿದೆ ಅನ್ನಿಸುತ್ತದೆಯೇ ಎಂದೂ ಕೇಳಿಬಿಟ್ಟೆ. "ಯಾಕ ಅಂತ ನನಗೇನ ಗೊತ್ರಿ? ಹೊಟ್ಟಿ ಹಸಿಯೂದು ಹ್ಯಾಂಗ ಗೊತ್ತಾಗ್ತೈತಿ, ಹಂಗ ಇದೂ ಗೊತ್ತಾಗಿತ್ತು. ನೀವು ಗಂಡಸು ಅಂತ ನಿಮಗ ಯಾವ ಡಾಕ್ಟರ ಹೇಳಿದ್ರು?" ಎಂದಳು. ನಾನು ಆರಿದ ಚಹಾ ಕುಡಿದೆ.

ಈ ಬರಹದಲ್ಲಿ ಹೆಸರು ಬದಲಿಸಲೇ ಎಂದು ತಾಯಿಯನ್ನು ಕೇಳಿದ್ದೆ. "ನನ್ನ ಹೆಸರ ಹಾಕ್ರಿ, ಆಕೀದೂ ಹಾಕ್ರಿ. ಮುಂದ 'ಮಗಳು' ಅಂತ ಬರೀರಿ, ಮರೀಬ್ಯಾಡ್ರಿ" ಎಂದರು. ಮರೆತಿಲ್ಲ.

ಶುಕ್ರವಾರ ಬೆಳಿಗ್ಗೆ ಕೊನೆಯ ಬಾರಿ ಆ ಓಣಿಗೆ ಹೋದಾಗ ಹಿತ್ತಲಲ್ಲಿ ಹಂಡೆ ಕಾಯುತ್ತಿತ್ತು, ಸರ್ದಾರಬೀ ಹೋಗಿಬಿಟ್ಟರು ಎಂದುಕೊಂಡೆ. ನೀರಿನಲ್ಲಿ ಬೋರೆ ಎಲೆಗಳಿವೆ. ಹಿತ್ತಲ ಮೂಲೆಗೆ ಅಡ್ಡಲಾಗಿ ಚಾದರ ಕಟ್ಟಿದ್ದಾರೆ. ಅಷ್ಟರಲ್ಲಿ ಅದರ ಹಿಂದಿನಿಂದ ಸರ್ದಾರಬೀಯ ದನಿ ಕೇಳುತ್ತದೆ, ಉಸಿರು ಹಿಡಿದು ಹಿಡಿದು ಹೇಳುತ್ತಿದ್ದಾರೆ. "ಮೊದಲ ಬಲಗಡಿ. ಕೈಗೆ ಅರಿವಿ ಸುತ್ಕೊಂಡಿಯೇನು? ಜೋರ ತಿಕ್ಕಬ್ಯಾಡ." ನಾಹೀದಾಳ ಬಳೆ ಸದ್ದು ಒಳಗಿನಿಂದ ಬರುತ್ತದೆ. ಇವತ್ತು ಪರದೆಯ ಹೊರಗೆ ನಿಂತವನು ನಾನೊಬ್ಬನೇ.

"ಕರ್ಪೂರ ತರಲೇನವ್ವ?"

"ಕರ್ಪೂರ ಬ್ಯಾಡ. ಅದು ಹೆಣದ ಕಡೀ ನೀರಿಗೆ, ಆವತ್ತಿನ ಮಾತು, ಯಾರ ಹಾಕ್ತಾರೋ ಅವ್ರ ಹಾಕ್ಲಿ."

ನೀರು ಸುರಿಯುವ ಸದ್ದು ನಿಂತು, ಸ್ವಲ್ಪ ಹೊತ್ತಿಗೆ ಇಬ್ಬರೂ ಹೊರಬರುತ್ತಾರೆ. ಸರ್ದಾರಬೀ ಒಗೆದ ಸೀರೆಯುಟ್ಟು ಬಿಸಿಲಿಗೆ ಮಣೆ ಹಾಕಿ ಕೂರುತ್ತಾರೆ. ನಾಹೀದಾ ಹಿಂದೆ ಕೂತು ಬಿಳಿಗೂದಲ ಸಿಕ್ಕು ಬಿಡಿಸುತ್ತಾಳೆ. ಬಾಚಣಿಗೆ ಎರಡು ಸಲ ಜಾರಿ ಬೀಳುತ್ತದೆ. ನನ್ನನ್ನು ನೋಡಿ ತಾಯಿಯೇ ಮಾತು ತೆಗೆಯುತ್ತಾರೆ.

"ಸತ್ತ ಮ್ಯಾಲ ನನ್ನ ಮೈ ಜಮಾತಿಂದ್ರಿ, ಅವ್ರು ಹೇಳಿದಂಗ ಆಗ್ಲಿ. ಜೀವ ಇರೂತನಕ ನಂದು. ಅದಕ್ಕ ಶುಕ್ರವಾರಕ್ಕೊಮ್ಮಿ ಈಗ ಆಕಿ ಕೈಲೆ ನೀರ ಹಾಕಿಸ್ಕೊಳ್ಳಾಕತ್ತೀನಿ."

ನಾಹೀದಾ ಕೂದಲನ್ನು ಎರಡು ಭಾಗ ಮಾಡಿ, ಹೆಗಲ ಮೇಲಿಂದ ತಾಯಿಯ ಎದೆಯ ಮೇಲೆ ತರುತ್ತಾಳೆ. ಹೆಣ್ಣು ಹೆಣಕ್ಕೆ ಹಾಗೆಯೇ ಮಾಡುವುದು. ಸರ್ದಾರಬೀ ಆ ಎರಡೂ ಎಳೆಗಳನ್ನು ಕೈಯಿಂದ ಸವರಿ ನೋಡಿಕೊಳ್ಳುತ್ತಾರೆ.

"ಹೆಣದ ತಲಿ ಬಾಚಂಗಿಲ್ರಿ, ಅದು ನಮ್ಮಲ್ಲಿ ಕಾಯ್ದೆ. ಎಷ್ಟು ಮಂದಿ ಹೆಂಗಸ್ರನ್ನ ಸಿಕ್ಕಾದ ತಲೀಲೆನ ಕಳಿಸೀನಿ. ನನ್ನ ಮಗಳು ನನಗ ತಲೀನೂ ಬಾಚ್ಯಾಳ, ನೋಡ್ರಿ."