ಶಾಲೆಯಲ್ಲೊಂದು ಕೈತುತ್ತು

ಮೊಮ್ಮಗಳು ಸಿರಿಯ ಜೊತೆ ನನಗೂ ಎಲ್‌ಕೆಜಿಗೆ ಪ್ರವೇಶ ಸಿಕ್ಕಿತು. ಯಲಹಂಕದ ಆ ಶಾಲೆಯಲ್ಲಿ ಹೊಸ ಮಕ್ಕಳು ಹೊಂದಿಕೊಳ್ಳುವ ತನಕ ಮನೆಯವರೊಬ್ಬರು ತರಗತಿಯಲ್ಲಿ ಕೂರುವ ಪದ್ಧತಿ. ಮಗಳಿಗೂ ಅಳಿಯನಿಗೂ ಆಫೀಸು, ನನಗೆ ನಿವೃತ್ತಿ. ಹಾಗಾಗಿ ಆರ್.ಟಿ. ನಗರದಿಂದ ಬಸ್ಸು ಹಿಡಿದು ಬಂದು ಪುಟ್ಟ ಕುರ್ಚಿಯೊಂದರಲ್ಲಿ ಕೂರುತ್ತಿದ್ದೆ. ಏಳುವಾಗ ಕುರ್ಚಿಯೂ ನನ್ನೊಡನೆ ಏಳುತ್ತಿತ್ತು. ಎಷ್ಟೋ ಮಕ್ಕಳ ಅಳು ನಿಂತದ್ದು ಅದನ್ನು ನೋಡಿಯೇ ಇರಬೇಕು.

ಸಿರಿ ಅಳಲಿಲ್ಲ, ಆದರೆ ಉಣ್ಣಲೂ ಇಲ್ಲ. ಡಬ್ಬಿ ತೆರೆದು ಮೊಸರನ್ನದ ಮುಖ ನೋಡಿ ಮುಚ್ಚಿಬಿಡುತ್ತಿದ್ದಳು. ಮನೆಯಲ್ಲಿ ನಾವೆಲ್ಲ ಬಾಯಿಗಿಟ್ಟು ಬೆಳೆಸಿದ ಕೂಸು. ನಾನು ಚಮಚ ಎತ್ತಿದೆ.

"ತಿನ್ನಿಸ್ಬೇಡಿ ಅಂಕಲ್, ಅವಳೇ ಕಲೀಬೇಕು," ಎಂದರು ಮಿಸ್. "ಊಟ ಮಾಡ್ದೆ ಇದ್ರೆ ಸಂಜೆವರೆಗೂ ಇಟ್ಕೊಳ್ಳೋಕಾಗಲ್ಲ."

ಚಮಚ ಕೆಳಗಿಟ್ಟೆ. ಮುಂದಿನ ತಿಂಗಳು ನನ್ನವಳ ಮಂಡಿಯ ಆಪರೇಷನ್, ಆಮೇಲೆ ನಾನು ಇತ್ತ ಬರುವಂತಿಲ್ಲ. ಸಿರಿ ಮಧ್ಯಾಹ್ನವೇ ಮನೆಗೆ ಬಂದರೆ ಮಗಳು ಕೆಲಸ ಬಿಡಬೇಕು.

ಆಗ ನೆನಪಾದದ್ದು ಅಮ್ಮ. ನಮ್ಮನ್ನು ಸುತ್ತ ಕೂರಿಸಿ, ಮಧ್ಯೆ ಬೋಗುಣಿ ಇಟ್ಟುಕೊಂಡು ಕೈತುತ್ತು ಹಾಕುತ್ತಿದ್ದಳು. ತುತ್ತು ಬೀಳುತ್ತಿದ್ದದ್ದು ಬಾಯಿಗಲ್ಲ, ಅಂಗೈಗೆ. ಹೆಬ್ಬೆರಳಿನಲ್ಲಿ ಅದರ ನೆತ್ತಿಗೊಂದು ಗುಳಿ, ಗುಳಿಗಿಷ್ಟು ಗೊಜ್ಜು. ಅದು ಸೋರುವುದರೊಳಗೆ ಬಾಯಿಗೆ ಸೇರಿಸುವುದು ನಮ್ಮ ಹೊಣೆ. ಸೋರಿದರೆ ಬೈಗುಳ. ಆ ತಣ್ಣನೆಯ ಅಂಗೈ ನೆನೆದರೆ ನನಗೆ ಈಗಲೂ ಹಸಿವಾಗುತ್ತದೆ.

"ಮಿಸ್, ಕೈಗೆ ಹಾಕ್ಲಾ? ತಿನ್ನೋದು ಅವಳೇ."

"ಸರಿ, ನೋಡೋಣ ಅಂಕಲ್."

ಜೀವಮಾನದಲ್ಲಿ ತುತ್ತು ಕಟ್ಟಿದವನಲ್ಲ. ಮೊದಲನೆಯದು ಸಿರಿಯ ಕೈ ಸೇರುವ ಮೊದಲೇ ಉದುರಿತು. ಅವಳು ನಕ್ಕಳು. ಎರಡನೆಯದಕ್ಕೆ ಅಮ್ಮನಂತೆ ಗುಳಿ ಮಾಡಿ ಹಾಕಿದೆ, ಬಾಯಿಗಿಟ್ಟುಕೊಂಡಳು. ಮತ್ತೆ ಕೈ ಒಡ್ಡಿದಳು. ಪಕ್ಕದಿಂದ ಇನ್ನೂ ಕೆಲವು ಕೈಗಳು ಬಂದವು. "ಅವರವರ ಡಬ್ಬೀದು ಅವರವರಿಗೆ," ಎನ್ನುತ್ತಾ ಮಿಸ್ ಕೂಡ ಕೈ ತೊಳೆದು ಬಂದು ಕೂತರು. ಅವರ ತುತ್ತು ಉದುರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆಪರೇಷನ್ ಆಯಿತು, ಮಗಳ ಕೆಲಸ ಉಳಿಯಿತು. ಸಿರಿ ಈಗ ಡಬ್ಬಿ ಖಾಲಿ ಮಾಡುತ್ತಾಳೆ, ತಾನೇ ಕಲಸಿಕೊಂಡು.

ಮೊನ್ನೆ ಭಾನುವಾರ ನಮ್ಮ ಮನೆಗೆ ಬಂದವಳು ತಟ್ಟೆ ಹಿಡಿದು ನನ್ನೆದುರು ಕೂತಳು. "ತಾತ, ಕೈ ಕೊಡು." ಅಂಗೈಗೊಂದು ತುತ್ತು ಬಿತ್ತು. ಗುಳಿ, ಗುಳಿಗೆ ಗೊಜ್ಜು. ಅಭ್ಯಾಸಬಲ, ಅದನ್ನು ಅವಳ ಬಾಯಿಯತ್ತಲೇ ಒಯ್ದೆ.

"ಉಹ್ಞೂಂ. ನೀನೇ ತಿನ್ಬೇಕು."

ತುತ್ತನ್ನು ಹಾಗೇ ಹಿಡಿದು ಅವಳನ್ನೇ ನೋಡುತ್ತಾ ಕೂತೆ. ಅಷ್ಟರಲ್ಲಿ ಗೊಜ್ಜು ಮೊಣಕೈ ತಲುಪಿತ್ತು. ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು.