ನಿಂತ ಗಾಡಿಯಲ್ಲಿ ಸೀಟು

ಚನ್ನವೀರ ನನ್ನ ತಂಗಿ ಮಾಧುರಿಯ ಗಂಡ. ಗದಗಿನ ಕಡೆಯ ಬಡಿಗ, ಪುಣೆಗೆ ಬಂದು ಧನಕವಡಿಯಲ್ಲಿ ಮನೆ ಮಾಡಿದವ. ಆ ಮನೆಯ ಮಂಚದ ಒಂದು ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತಿದೆ. ರಿಪೇರಿಗೆ ಅವನಿಗೆ ಪುರುಸೊತ್ತಿಲ್ಲ. ರೈಲು ಮ್ಯೂಸಿಯಂನಲ್ಲಿ ಬ್ರಿಟಿಷರ ಕಾಲದ ಥರ್ಡ್ ಕ್ಲಾಸ್ ಡಬ್ಬಿಯೊಂದಕ್ಕೆ ಮತ್ತೆ ಜೀವ ತುಂಬುವ ಕೆಲಸ ಅವನದು.

‘ಮನಿಗೆ ಮಾರಿ, ಊರಿಗೆ ಉಪಕಾರಿ,’ ಎಂದು ಮಾಧುರಿ ಬೈದರೆ, ‘ಮಂಚ ಎಲ್ಲಿ ಓಡಿ ಹೋಗತದ?’ ಎನ್ನುವನು. ಡಬ್ಬಿಯೂ ಎಲ್ಲಿಗೂ ಓಡುವಂಥದ್ದಲ್ಲ ಎನ್ನುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಕೊಳೆತ ಹಲಗೆ ಕಿತ್ತು ಸಾಗವಾನಿ ಕೂಡಿಸಿದ, ಬೆಂಚುಗಳನ್ನು ಮುಖ ಕಾಣುವಂತೆ ತಿಕ್ಕಿದ. ಆದರೆ ಬಂದ ಜನವೆಲ್ಲ ಉಗಿ ಎಂಜಿನ್ನಿನ ಮುಂದೆ ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಕಡೆಗೆ ಮ್ಯಾನೇಜರ್ ಮಂಜರಿ ಮೇಡಂ, ಈ ಭಾನುವಾರವೂ ಯಾರೂ ಹತ್ತದಿದ್ದರೆ ಡಬ್ಬಿ ಗುಜರಿಗೆ, ಆ ಜಾಗದಲ್ಲಿ ಐಸ್‌ಕ್ರೀಮ್ ಅಂಗಡಿ ಎಂದುಬಿಟ್ಟರು. ಚನ್ನವೀರ ಅನ್ನ ಬಿಟ್ಟ.

ಭಾನುವಾರ ನಾನೂ ಹೋಗಿದ್ದೆ. ಬಾಗಿಲಲ್ಲಿ ನಿಂತು ಅವನು, ‘ಬರ್ರಿ, ಒಳಗ ನೋಡ್ರಿ,’ ಎಂದು ಕೈಮುಗಿದು ಕರೆದ. ಏನೋ ಮಾರಲು ನಿಂತಿದ್ದಾನೆಂದು ಜನ ಇನ್ನಷ್ಟು ದೂರ ಸರಿದರು. ಮಧ್ಯಾಹ್ನ ಸೋತು, ನನ್ನ ಬಲವಂತಕ್ಕೆ ಡಬ್ಬಿಯಲ್ಲೇ ಕೂತು ನಾಲ್ಕು ತುತ್ತು ತಿನ್ನಲು ಒಪ್ಪಿದ. ಕೈ ತೊಳೆಯಲು ಹೋಗುವಾಗ ರೂಢಿಯಂತೆ ಕಿಟಕಿ ಪಕ್ಕದ ಸೀಟಿಗೆ ಟಾವೆಲ್ ಹಾಕಿ ಹೋದ.

ದೇಹೂ ರೋಡಿನಿಂದ ಬಂದಿದ್ದ ರಂಗೂಬಾಯಿ ಎಂಬ ಹೆಂಗಸು ಹೊರಗಿಂದ ಆ ಟಾವೆಲ್ ಕಂಡಳು. ಕಂಡವಳೇ, ‘ಅಯ್ಯ, ಜಾಗ ಹಿಡೀಲಿಕ್ಕೆ ಹತ್ಯಾರ, ಓಡಿ ಬರ್ರೆ!’ ಎಂದು ತನ್ನವರಿಗೆ ಕೂಗಿ, ಕಿಟಕಿಯಿಂದ ಚೀಲ ತೂರಿದಳು. ಅವಳನ್ನು ನೋಡಿ ಇನ್ನೊಬ್ಬರು ಕರವಸ್ತ್ರ ಎಸೆದರು. ನೋಡನೋಡುತ್ತ ಡಬ್ಬಿ ತುಂಬಿ, ಬಾಗಿಲಲ್ಲಿ ಜನ ಜೋತುಬಿದ್ದರು. ಒಳಗೆ ಕಿಟಕಿ ಸೀಟಿಗಾಗಿ ಮರಾಠಿ, ಕನ್ನಡ, ಹಿಂದಿ ಮೂರರಲ್ಲೂ ಜಗಳ. ಎಂಜಿನ್ನಿನ ಮುಂದೆ ನರಪಿಳ್ಳೆ ಇಲ್ಲ.

ಚನ್ನವೀರ ಬಂದು ಕಿಟಕಿಯಿಂದ ನೋಡಿದರೆ ಅವನ ಸೀಟಿನಲ್ಲಿ ದಪ್ಪನೆಯ ಗೃಹಸ್ಥರೊಬ್ಬರು. ‘ಟಾವೆಲ್ ಹಾಕಿದ ಮಾತ್ರಕ್ಕ ಸೀಟು ನಿಮ್ಮಪ್ಪಂದೇನ್ರಿ?’ ಎಂದರು.

ಮಂಜರಿ ಮೇಡಂ ಗಾಬರಿಯಿಂದ ಓಡಿ ಬಂದು, ಈ ಗಾಡಿ ಎಲ್ಲಿಗೂ ಹೋಗುವುದಿಲ್ಲ ಎಂದು ಮೈಕಿನಲ್ಲಿ ಸಾರಿದರು. ‘ಲೇಟಾದರ ಆಗಲಿ, ಕೂತ ಜಾಗ ಮಾತ್ರ ಬಿಡಂಗಿಲ್ಲ,’ ಎಂದು ಒಳಗಿನಿಂದ ಉತ್ತರ ಬಂತು. ಮೇಡಂ ಮೈಕು ಕೆಳಗಿಟ್ಟು, ಚನ್ನವೀರನ ಕಡೆ ತಿರುಗಿ, ‘ಡಬ್ಬಿ ಇಲ್ಲೇ ಇರಲಿ,’ ಎಂದರು.

ಚನ್ನವೀರ ಕಷ್ಟಪಟ್ಟು ಒಳಗೆ ನುಗ್ಗಿ, ತಾನೇ ಕೂಡಿಸಿದ ಹಲಗೆಗೆ ಒರಗಿ ಗಳಗಳ ಅತ್ತುಬಿಟ್ಟ. ಸಂತೋಷಕ್ಕೆ ಅಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಸೀಟು ಸಿಗದ್ದಕ್ಕೆ ಎಂದುಕೊಂಡ ರಂಗೂಬಾಯಿಗೆ ಕರುಳು ಚುರ್ ಎಂದಿತು.

‘ಅಳಬ್ಯಾಡ್ರಿ ಅಣ್ಣಾ,’ ಎಂದಳು, ‘ಮುಂದಿನ ಸ್ಟೇಷನ್ನಿಗೆ ನಾ ಇಳೀತೇನಿ. ಆವಾಗ ನೀವು ಕೂಡ್ರಿ.’

‘ಅಲ್ಲೀತನಕ ನಿಂತಿರತೇನ್ರಿ ಅವ್ವಾ,’ ಎಂದ ಚನ್ನವೀರ.