ಕಾಫಿ ಬೀಜ ಆರಿಸಿದ ಕೈ

ಮೊದಲು ಗೊತ್ತಾದದ್ದು ತಲೆ ಬಾಚುವಾಗ. ಬಾಚಣಿಗೆ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬಲಗೈ ಹೆಬ್ಬೆರಳು ಮಡಚಿಕೊಂಡು ಹಾಗೇ ನಿಂತಿತು. ಎಡಗೈಯಿಂದ ಬಿಡಿಸಬೇಕಾಯಿತು.

ಪಿರಿಯಾಪಟ್ಟಣ ರಸ್ತೆಯ ಕಾಫಿ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಬೀಜ ಆರಿಸಿದವಳು ನಾನು. ಕೊಡಗಿನಿಂದ ಬಂದ ಕಾಫಿಯನ್ನು ಮುಂದೆ ಸುರಿಯುತ್ತಾರೆ. ಕರಿ ಬೀಜ, ಒಡಕು ಬೀಜ ತೆಗೆಯಬೇಕು. ಬೆಳಗಿನಿಂದ ಸಂಜೆವರೆಗೆ ಅದೇ ಎರಡು ಬೆರಳು. ಹುಣಸೂರು ಆಸ್ಪತ್ರೆಯ ಡಾಕ್ಟರು ಮಣಿಕಟ್ಟು ಒತ್ತಿ ನೋಡಿ, ಟೆಂಡನ್, ಅಂದರೆ ಬೆರಳು ಆಡಿಸುವ ನಾರು, ಊದಿದೆ, ಒಂದೇ ಕೆಲಸ ಮಾಡಿ ಮಾಡಿ ಸ್ಟ್ರೈನ್ ಆಗಿ ಬಂದದ್ದು ಎಂದು ಸರ್ಟಿಫಿಕೇಟ್ ಬರೆದು, ಕೈ ಅಲ್ಲಾಡದಂತೆ ಸ್ಪ್ಲಿಂಟ್ ಪಟ್ಟಿ ಕಟ್ಟಿದರು. ಮೂರು ತಿಂಗಳು ಅತ್ತೆಯೇ ನನಗೆ ಜಡೆ ಹಾಕಿದರು. ಅವರ ಮುಂದೆ ತಲೆ ಬಗ್ಗಿಸಿ ಕೂರುವುದು ನೋವಿಗಿಂತ ಕಷ್ಟವಾಗಿತ್ತು.

ಅದು ಮನೆಯಲ್ಲಿ ರಾಗಿ ಬೀಸಿ ಬಂದ ನೋವು ಎಂದುಬಿಟ್ಟರು ಕಾರ್ಖಾನೆಯ ಮ್ಯಾನೇಜರು. ನಮ್ಮ ಮನೆಯಲ್ಲಿ ರಾಗಿ ಬೀಸುವವರು ಅತ್ತೆ; ಅವರ ಕೈಗೆ ಏನೂ ಆಗಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು.

ಪರಿಹಾರಕ್ಕೆ ಅರ್ಜಿ ಹಾಕಿದೆ. ಕೆಲಸದಿಂದಲೇ ಬಂದದ್ದು ಎಂದು ಮಹಾರಾಜರ ಸರ್ಕಾರದ ಕಾಗದದ ಮೇಲೆ ಬರೆಸದೆ ಬಿಡಬಾರದು ಎಂಬ ಹಟ. ಸರ್ಕಾರಿ ಕಚೇರಿಯಲ್ಲಿ ವಿಚಾರಣೆಯ ದಿನ ಮ್ಯಾನೇಜರು ಒಂದು ಮೊರ ಬೀಜ ತರಿಸಿ ನನ್ನ ಮುಂದಿಟ್ಟು, ಆರಿಸಲು ಆಗುತ್ತದೋ ಇಲ್ಲವೋ ನೋಡೋಣ ಎಂದರು. ಆಗುವುದಿಲ್ಲ ಎಂದು ಸುಮ್ಮನೆ ಕೂತಿದ್ದರೆ ಮುಗಿಯುತ್ತಿತ್ತು. ಆದರೆ ಮೇಲೆಯೇ ಒಂದು ಕರಿ ಬೀಜ ಕಂಡಿತು. ಕೈ ತಾನಾಗಿ ಅದರತ್ತ ಹೋಯಿತು. ಪಕ್ಕದಲ್ಲೇ ಇನ್ನೊಂದು. ತಲೆ ಎತ್ತುವಷ್ಟರಲ್ಲಿ ಮೊರ ಹಸನಾಗಿತ್ತು.

ನನ್ನ ಕೇಸನ್ನು ನಾನೇ ಕೆಡಿಸಿಕೊಂಡಿದ್ದೆ.

ಮ್ಯಾನೇಜರು ನಕ್ಕರು. ವಿಚಾರಣೆ ಮಾಡುತ್ತಿದ್ದ ಸಾಹೇಬರು ಕಾಗದ ಮಡಚತೊಡಗಿದರು.

"ಒಸಿ ತಡೀರಿ ಸ್ವಾಮಿ," ಎಂದೆ. "ಕೆಲ್ಸ ನೋಡುದ್ರಿ. ಆದ್ಮೇಲೆ ಕೈ ಏನಾಯ್ತದೆ ಅಂತ್ಲೂ ನೋಡಿ."

ಸಾಹೇಬರು ಕಾದರು, ಅದು ಅವರ ದೊಡ್ಡತನ. ಇನ್ನೊಬ್ಬರ ಅರ್ಜಿ ವಿಚಾರಿಸಿ ಮುಗಿಸುವ ಹೊತ್ತಿಗೆ ನನ್ನ ಮಣಿಕಟ್ಟು ಊದಿತ್ತು, ಹೆಬ್ಬೆರಳು ಅಂಗೈಗೆ ಅಂಟಿಕೊಂಡಿತ್ತು. ಹೇಳಿಕೆಗೆ ರುಜು ಮಾಡೆಂದು ಗುಮಾಸ್ತರು ಪೆನ್ನು ಕೊಟ್ಟರೆ ಹಿಡಿಯಲಾಗಲಿಲ್ಲ. ಹಾಗಾದರೆ ಎಡಗೈ ಹೆಬ್ಬೆಟ್ಟು ಒತ್ತು ಎಂದರು.

"ನಾನು ನಾಕ್ನೇ ಕ್ಲಾಸು ಓದಿವ್ನಿ. ಎಬ್ಬೆಟ್ಟು ಒತ್ತಾಕಿಲ್ಲ. ಇವತ್ತು ರುಜು ಆಕಾಕೆ ಕೈ ಬರ್ನಿಲ್ಲ ಅಂತ ಬರ್ಕಳಿ."

ಸಾಹೇಬರು ಅದನ್ನೇ ತಮ್ಮ ಕೈಯಾರೆ ಬರೆದರು.

ಈಗ ಆದೇಶ ಬಂದಿದೆ: ನೋವು ಕೆಲಸದಿಂದಲೇ. ಕೈ ಮಾತ್ರ ಪೂರ್ತಿ ನೆಟ್ಟಗಾಗುವುದಿಲ್ಲವಂತೆ. ನೀರಿನ ಕೊಡವನ್ನು ಎಡಸೊಂಟಕ್ಕೆ ಬದಲಾಯಿಸಿಕೊಂಡಿದ್ದೇನೆ, ಅಭ್ಯಾಸವಾಗುತ್ತಿದೆ. ಡಾಕ್ಟರ ಉಪಕಾರವನ್ನೂ ಅತ್ತೆಯ ಉಪಕಾರವನ್ನೂ ನೆನೆಯದ ದಿನವಿಲ್ಲ. ಹೋದ ಸೋಮವಾರ, ನನ್ನ ಸಾಲಿನಲ್ಲಿ ಕೂತು ಬೀಜ ಆರಿಸುತ್ತಿದ್ದ ನಾಲ್ವರು ಕಾರ್ಖಾನೆಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಹೋಗಿ, ತಮ್ಮ ಕೈಗಳನ್ನೂ ತೋರಿಸಿ ಸರ್ಟಿಫಿಕೇಟ್ ಕೇಳಿದರಂತೆ.